ಚಳಿಗಾಲಕ್ಕೆ ಯಾವ ಪ್ಲಗ್ಗು, ಅಳಿಯಂದ್ರೆ?

ಮಿನ್ನೆಸೋಟದ ಕನ್ನಡ ಮನೆಯೊಂದರಲ್ಲಿ ಜನವರಿಯ ಬೆಳಗ್ಗೆ ಕಾರು ಸ್ಟಾರ್ಟ್ ಆಗದಿದ್ದರೆ, ದೋಷ ಎಲ್ಲಿದೆಯೆಂದು ತಿಳಿಯಲು ಬಾನೆಟ್ ಎತ್ತಬೇಕಾಗಿಲ್ಲ. ಊರಿಂದ ಬಂದಿರುವ ಮಾವನವರು ಸೋಫಾದಲ್ಲಿ ಕೂತೇ "ಪ್ಲಗ್ ನೋಡಿ ಅಳಿಯಂದ್ರೆ" ಎಂದು ತೀರ್ಪು ಕೊಟ್ಟಿರುತ್ತಾರೆ. ಈ ತೀರ್ಪಿಗೆ ಚರಿತ್ರೆಯ ಬಲವಿದೆ. ಅವರ ಕಾಲದ ಟೂ-ಸ್ಟ್ರೋಕ್ ಸ್ಕೂಟರು ಪೆಟ್ರೋಲಿನ ಜೊತೆ ಆಯಿಲ್ಲನ್ನೂ ಕುಡಿದು ಸ್ಪಾರ್ಕ್ ಪ್ಲಗ್ಗಿನ ತುದಿಗೆ ಮಸಿ ಬಳಿಯುತ್ತಿತ್ತು. ಗಾಡಿಯನ್ನು ಪಕ್ಕಕ್ಕೆ ವಾಲಿಸಿ, ಪ್ಲಗ್ ಬಿಚ್ಚಿ, ಸ್ಯಾಂಡ್ ಪೇಪರಿನಿಂದ ಉಜ್ಜಿ, ಉಫ್ ಎಂದು ಊದಿ ಹಾಕಿದರೆ ಬಹುಪಾಲು ಹೊರಟೇಬಿಡುತ್ತಿತ್ತು. ಸಾಲದ್ದಕ್ಕೆ ಬೆಂಗಳೂರಿನ ಮೈಕೋ ಕಾರ್ಖಾನೆ ಪ್ಲಗ್ ತಯಾರಿಸುತ್ತಿದ್ದುದರಿಂದ ಈ ವಸ್ತುವಿನ ಮೇಲೆ ನಮ್ಮವರಿಗೆ ತವರಿನ ಸಲುಗೆ ಬೇರೆ. ಹೀಗಾಗಿ ಅಳಿಯ ಅಂಗಡಿಗೆ ಹೋಗಿ ಚಳಿಗಾಲದ ಪ್ಲಗ್ ಕೊಡಿ ಎನ್ನುತ್ತಾನೆ. ಚಳಿಗಾಲದ ಟೈರಿದೆ, ಹೆಪ್ಪುಗಟ್ಟದ ವೈಪರ್ ನೀರಿದೆ, ಪ್ಲಗ್ಗೂ ಇರಲೇಬೇಕಲ್ಲ! ಇಲ್ಲ. ಕಾರಿನ ಕೈಪಿಡಿಯಲ್ಲಿ ನಮೂದಾದ ಪ್ಲಗ್ಗೇ ಜುಲೈಗೂ ಜನವರಿಗೂ ಸರಿ.

ಗೊಂದಲ ಹುಟ್ಟುವುದು ಪ್ಲಗ್ಗುಗಳಲ್ಲಿ ಬಿಸಿ, ತಣ್ಣನೆ ಎಂಬ ಎರಡು ಜಾತಿ ಇರುವುದರಿಂದ. ಪರಂಗಿ ಉಷ್ಣ, ಸೌತೆ ಶೀತ ಎಂದು ಲೋಕವನ್ನೇ ವಿಂಗಡಿಸಿಟ್ಟ ಅತ್ತೆಯವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ: ಚಳಿಗೆ ಉಷ್ಣದ್ದನ್ನೇ ಕೊಡಿ. ಆದರೆ ಪ್ಲಗ್ಗಿನ ಗುಣ ನಿಂತಿರುವುದು ಅದರ ಪಿಂಗಾಣಿ ಮೂತಿಯ ಉದ್ದದ ಮೇಲೆ. ಮೂತಿ ಉದ್ದವಿದ್ದರೆ ಶಾಖ ನಿಧಾನವಾಗಿ ಹೊರಗೆ ಹೋಗುತ್ತದೆ, ಗಿಡ್ಡವಿದ್ದರೆ ಬೇಗ. ಓಡುವ ಎಂಜಿನ್ನಿನಲ್ಲಿ ಆ ತುದಿ ಸುಮಾರು 500ರಿಂದ 850 ಡಿಗ್ರಿಯೊಳಗೆ ಇರಬೇಕು. ಕಡಿಮೆಯಾದರೆ ಮಸಿ ಸುಟ್ಟುಹೋಗದು. ಹೆಚ್ಚಾದರೆ ಕಿಡಿ ಹಾರುವ ಮೊದಲೇ ಪೆಟ್ರೋಲು ಹೊತ್ತಿಕೊಳ್ಳುತ್ತದೆ. ಒಳಗಿನ ಉರಿ 2000 ಡಿಗ್ರಿ ದಾಟುವಲ್ಲಿ, ಹೊರಗೆ ಮೈನಸ್ 25 ಇದ್ದರೇನು, ಪ್ಲಸ್ 30 ಇದ್ದರೇನು, ತುದಿಗೆ ದೊಡ್ಡ ವ್ಯತ್ಯಾಸವಿಲ್ಲ. ಇನ್ನು ರಾತ್ರಿಯೆಲ್ಲ ಹೊರಗೆ ನಿಂತ ಕಾರಿನಲ್ಲಿ ಬಿಸಿ ಜಾತಿಯದೂ ತಣ್ಣನೆ ಜಾತಿಯದೂ ಬೆಳಗಿನ ಹೊತ್ತಿಗೆ ಸಮನಾಗಿ ಮರಗಟ್ಟಿರುತ್ತವೆ. ಮೇಲಾಗಿ ಎನ್‌ಜಿಕೆ ಪ್ಲಗ್ಗಿನಲ್ಲಿ ಅಂಕಿ ಏರಿದಷ್ಟೂ ತಣ್ಣಗೆ, ಬಾಷ್‌ನಲ್ಲಿ ಅಂಕಿ ಏರಿದಷ್ಟೂ ಬಿಸಿ. ಒಂದಂಕಿ ಜಾಸ್ತಿಯದು ತಂದೆ ಎಂದು ಬೀಗುವ ಅಳಿಯ ಯಾವ ಕಡೆ ಹೋದನೋ ಅವನಿಗೇ ತಿಳಿಯದು.

ಹಾಗಾದರೆ ಚಳಿಯಲ್ಲೇ ಏಕೆ ಕೈಕೊಡುತ್ತದೆ ಎಂದು ಮಾವನವರು ಕೇಳುವುದು ನ್ಯಾಯ. ಮೈನಸ್ 18ರಲ್ಲಿ ಬ್ಯಾಟರಿಯ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕಿಳಿದಿರುತ್ತದೆ. ಅದೇ ಹೊತ್ತಿಗೆ ಆಯಿಲ್ ಗಟ್ಟಿಯಾಗಿ ಎಂಜಿನ್ನು ತಿರುಗಿಸಲು ಹೆಚ್ಚು ಶಕ್ತಿ ಬೇಕಾಗುತ್ತದೆ. ಆದಾಯ ಅರ್ಧ, ಖರ್ಚು ದುಪ್ಪಟ್ಟು. ಇಷ್ಟಾದರೂ ಮಾವನವರ ಮಾತು ಪೂರ್ತಿ ಸುಳ್ಳಲ್ಲ. ಸವೆದ ಪ್ಲಗ್ಗಿನಲ್ಲಿ ಕಿಡಿ ಹಾರುವ ಸಂದು ಅಗಲವಾಗಿ ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ, ಸೋತ ಬ್ಯಾಟರಿ ಅದನ್ನು ಒದಗಿಸಲಾರದು. ಬೇಸಿಗೆಯಲ್ಲಿ ಹೇಗೋ ಮುಚ್ಚಿಹೋಗುವ ಮುಪ್ಪು ಚಳಿಯಲ್ಲಿ ಬಯಲಾಗುತ್ತದೆ. ಆದ್ದರಿಂದ ಅವಧಿ ಮುಗಿದಿದ್ದರೆ ಹಿಮ ಬೀಳುವ ಮುನ್ನವೇ ಬದಲಿಸಬೇಕು. ಉಜ್ಜುವುದು ಮಾತ್ರ ಕೂಡದು: ಇರಿಡಿಯಂ ಪ್ಲಗ್ಗಿನ ತುದಿ ಅರ್ಧ ಮಿಲಿಮೀಟರಿನ ಆಸುಪಾಸು, ಮಾವನವರ ಸ್ಯಾಂಡ್ ಪೇಪರು ಅದನ್ನು ಒಂದೇ ಭಾನುವಾರದಲ್ಲಿ ಮುಗಿಸಿಬಿಡುತ್ತದೆ.

ಇನ್ನು ಒಳ್ಳೆಯ ಪ್ಲಗ್ಗನ್ನೂ ಕೆಡಿಸುವ ಕಲೆ ನಮ್ಮ ಮನೆಗಳಿಗೆ ಕರಗತ. ಹಿಮ ಗೋರಲೆಂದು ಕಾರನ್ನು ಹತ್ತಡಿ ಸರಿಸಿ ತಕ್ಷಣ ಆರಿಸುವುದು; ಸಾರು ಕುದಿಯುವಾಗ ಕೊತ್ತಂಬರಿ ನೆನಪಾಗಿ ಮೂಲೆಯಂಗಡಿಗೆ ಓಡುವುದು. ತಣ್ಣಗಿನ ಎಂಜಿನ್ನಿಗೆ ಕಂಪ್ಯೂಟರು ಪೆಟ್ರೋಲನ್ನು ಧಾರಾಳವಾಗಿ ಸುರಿಯುತ್ತದೆ, ತುದಿ ಕಾಯುವಷ್ಟರಲ್ಲಿ ಅಂಗಡಿ ಬಂದಿರುತ್ತದೆ, ಮಸಿ ಅಲ್ಲೇ ಕೂರುತ್ತದೆ. ಇದಕ್ಕೆ ದುಬಾರಿ ಪ್ಲಗ್ಗು ಮದ್ದಲ್ಲ. ಆ ದುಡ್ಡಿನಲ್ಲಿ ಬ್ಯಾಟರಿ ನೋಡಿಸಬಹುದು. ವಿನ್ನಿಪೆಗ್‌ನವರಂತೆ ರಾತ್ರಿ ಎಂಜಿನ್ನಿಗೆ ಬ್ಲಾಕ್ ಹೀಟರ್ ಹಚ್ಚಬಹುದು. ಕೊತ್ತಂಬರಿಯನ್ನು ಮಾತ್ರ ಹದಿನೈದು ಮೈಲಿ ಆಚೆಯ ಇಂಡಿಯನ್ ಅಂಗಡಿಯಿಂದಲೇ ತರುವುದು ವೈಜ್ಞಾನಿಕ. ಅತ್ತೆಯವರು ಅದಕ್ಕೆ ಸುಲಭವಾಗಿ ಒಪ್ಪುತ್ತಾರೆ. ಅಲ್ಲಿ ಬದನೆಕಾಯಿಯೂ ಚೆನ್ನಾಗಿರುತ್ತದೆ.