ತಿರುವಿನಲ್ಲಿ ಮಾವನವರು

ಮೋಟಾರು ಕಾರನ್ನು ಮುಂದಕ್ಕೊಯ್ಯುವುದು ಎಂಜಿನ್ನೆಂದೇ ಲೋಕದ ನಂಬಿಕೆ. ಆದರೆ ಎಂಜಿನ್ನು ಚಕ್ರವನ್ನು ತಿರುಗಿಸುವುದಷ್ಟೆ, ಆ ಚಕ್ರವು ನೆಲವನ್ನು ಹಿಂದಕ್ಕೆ ನೂಕಲು, ನೆಲವು ಘರ್ಷಣೆಯ ಮೂಲಕ ಕಾರನ್ನು ಮುಂದಕ್ಕೆ ನೂಕುವುದೆಂಬ ಸತ್ಯವು, ಕೆಸರಿನಲ್ಲಿ ಹೂತ ಚಕ್ರವು ಇದ್ದಲ್ಲಿಯೇ ಗರಗರನೆ ತಿರುಗಿ, ಹಿಂದೆ ನಿಂತು ಕೈಕೊಟ್ಟ ಸಜ್ಜನರ ಪಂಚೆಗಳನ್ನು ಚಿತ್ರಿತಗೊಳಿಸಿದಾಗ ಮಾತ್ರ ಅರಿವಿಗೆ ಬರುತ್ತದೆ. ಯಂತ್ರದೊಳಗಿಂದ ಎಣ್ಣೆ ಹೊಯ್ದು ಓಡಿಸಿದ ಘರ್ಷಣೆಯನ್ನೇ ಟೈರಿನಡಿಗೆ ಕೈಮುಗಿದು ಕರೆಯಬೇಕಾಗಿದೆ!

ನಮ್ಮ ಸೋದರಮಾವನವರು ದೇಹದಿಂದಲೂ ಅಭಿಪ್ರಾಯಗಳಿಂದಲೂ ಭಾರವಾದವರು. ಜ್ಯೇಷ್ಠದ ಮಳೆಯಲ್ಲಿ ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳನ್ನಿಳಿಯುವಾಗ, ಹಿಂದಿನ ಸೀಟಿನ ನಟ್ಟನಡುವೆ ತಾವು ಆಸೀನರಾಗಿರುವುದರಿಂದಲೇ ಕಾರು ರಸ್ತೆಯನ್ನು ಕಚ್ಚಿಕೊಂಡಿದೆಯೆಂದು ಅವರು ಸಾರಿದರು. “ನಿಮ್ಮ ಭಾರಕ್ಕೇ ಗಾಡಿ ಜಾರುವುದು, ಸುಮ್ಮನೆ ಕೂತಿರಿ” ಎಂದರು ಅತ್ತೆಯವರು.

ಘರ್ಷಣೆಯು ಭಾರಕ್ಕೆ ಅನುಪಾತದಲ್ಲಿರುವುದೆಂದು ಫ್ರಾನ್ಸಿನ ಅಮೊಂತೋಂ 1699ರಲ್ಲಿಯೇ ಸಾರಿರುವನಾದ್ದರಿಂದ ಮಾವನವರ ವಾದಕ್ಕೆ ಶಾಸ್ತ್ರಾಧಾರವುಂಟು. ಭಾರ ಹೆಚ್ಚಿದಷ್ಟೂ ತಿರುಗಿಸಲು ಹೆಚ್ಚು ಬಲ ಬೇಕೆಂಬ ನ್ಯೂಟನ್ನನ ಸಾಕ್ಷ್ಯವು ಅತ್ತೆಯವರ ಕಡೆಗಿದೆ. ಹೀಗೆ ಸಮೀಕರಣದ ಎರಡು ಬದಿಗಳಲ್ಲಿಯೂ ಮಾವನವರೇ ಕುಳಿತುಬಿಡುವುದರಿಂದ ಗಣಿತವು ಅವರನ್ನು ನಿರ್ದಾಕ್ಷಿಣ್ಯವಾಗಿ ಹೊಡೆದುಹಾಕುತ್ತದೆ. ಉಳಿಯುವುದು ತಿರುವಿನ ತ್ರಿಜ್ಯ, ಗುರುತ್ವ, ಘರ್ಷಣೆಯ ಗುಣಾಂಕ, ಇಷ್ಟೆ. 10 ಮೀಟರ್ ತ್ರಿಜ್ಯದ ಸಮತಟ್ಟಾದ ತಿರುವೆಂದು ಭಾವಿಸಿ, ಒಣ ರಸ್ತೆಯ ಗುಣಾಂಕವನ್ನು 0.8 ಎಂದಿಟ್ಟರೆ ಗಂಟೆಗೆ 32 ಕಿಲೋಮೀಟರ್‌ವರೆಗೆ ಕ್ಷೇಮ. ಮಳೆಯು ಆ ಗುಣಾಂಕವನ್ನು ಅರ್ಧಕ್ಕಿಳಿಸಿದರೆ 22. ರಬ್ಬರು ಅಮೊಂತೋಂನಿಗೆ ಪೂರ್ಣ ವಿಧೇಯವಲ್ಲ, ಭಾರ ಏರಿದಷ್ಟೇ ಪ್ರಮಾಣದಲ್ಲಿ ಅದರ ಹಿಡಿತ ಏರದು ಎಂಬ ಸೂಕ್ಷ್ಮವು ಅತ್ತೆಯವರ ಪಕ್ಷವನ್ನು ಪುಷ್ಟಿಗೊಳಿಸುವುದಾದ್ದರಿಂದ, ಕಾರಿನೊಳಗೆ ಅದನ್ನು ಪ್ರಕಟಿಸುವ ಸಾಹಸಕ್ಕೆ ನಾನು ಕೈಹಾಕಲಿಲ್ಲ.

ಅಷ್ಟರಲ್ಲಿ ಡ್ರೈವರು ಸ್ಟೀರಿಂಗನ್ನು ಪೂರ್ತಿಯಾಗಿ ಹೊರಳಿಸಿದನು. “ಯಾವುದೋ ಬಲ ನೂಕಿತಲ್ಲೋ!” ಎನ್ನುತ್ತ ಮಾವನವರು ನನ್ನ ಮೇಲೆ ಅವತರಿಸಿದರು. ವಾಸ್ತವದಲ್ಲಿ ಅವರನ್ನು ಯಾರೂ ನೂಕಲಿಲ್ಲ. ಜಡತ್ವಕ್ಕನುಸಾರವಾಗಿ ಅವರು ನೇರವಾಗಿಯೇ ಸಾಗುತ್ತಿದ್ದರು, ಕಾರು ತಿರುಗಿತು, ಅದರೊಡನೆ ನಾನೂ ತಿರುಗಿ ಅವರ ಹಾದಿಗೆ ಅಡ್ಡಬಂದೆನು. ಮದುವೆಗೆಂದು ಉಟ್ಟ ರೇಷ್ಮೆಪಂಚೆಗೂ ರೆಕ್ಸಿನ್ ಸೀಟಿಗೂ ನಡುವಣ ಘರ್ಷಣೆ ಅತ್ಯಲ್ಪವಾದ್ದರಿಂದ, ಅವರನ್ನು ತಿರುಗಿಸತಕ್ಕ ಕೇಂದ್ರಾಭಿಮುಖ ಬಲವನ್ನು ನನ್ನ ಪಕ್ಕೆಲುಬುಗಳೇ ಒದಗಿಸಬೇಕಾಯಿತು; ಮತ್ತು ಇಲ್ಲಿ ಮಾವನವರ ತೂಕವು ಯಾವ ಬದಿಯಲ್ಲಿಯೂ ರದ್ದಾಗಲಿಲ್ಲ. ತಿರುವುಗಳು ಒಮ್ಮೆ ಎಡಕ್ಕೂ ಒಮ್ಮೆ ಬಲಕ್ಕೂ ಹೊರಳುತ್ತಿದ್ದುದರಿಂದ, ಆ ಹೊಣೆಯನ್ನು ನಾನೂ ಅತ್ತೆಯವರೂ ಸರದಿಯಂತೆ ಹೊತ್ತು ಸೋಮೇಶ್ವರವನ್ನು ಸೇರಿದೆವು.