ಒಲೆಯ ಮೇಲೆ ಹಾಲಿದೆ

“ಅಂಗಡಿಗೆ ಹೋಗಿ ಬರ್ತೀನಿ. ಒಲೆ ಮೇಲೆ ಹಾಲಿದೆ, ಉಕ್ಕೋ ಮುಂಚೆ ಆರಿಸಿ” ಎಂದು ಹೆಂಡತಿ ಚೀಲ ಹಿಡಿದು ಹೊರಟಳು. ಕರೆಂಟ್ ಬಿಲ್ ಕಟ್ಟಿಲ್ಲ, ಬುಕ್ ಮಾಡಿದ ಸಿಲಿಂಡರ್ ಬಂದಿಲ್ಲ, ತೆಂಗಿನಕಾಯಿ ಕೀಳುವವನು ಫೋನ್ ಎತ್ತುತ್ತಿಲ್ಲ ಅಂತ ಮೆಟ್ಟಿಲಿಳಿಯುತ್ತಲೇ ಗೊಣಗಿದಳು. ನಾನು ಹೂಂಗುಟ್ಟಿದೆ. ಆಗ ನಾನೊಂದು ಕೊಲೆಯಲ್ಲಿ ಮುಳುಗಿದ್ದೆ.

ಥ್ರಿಲ್ಲರ್ ಬರೆಯಲು ಕೂತು ಹನ್ನೆರಡು ದಿನವಾಗಿತ್ತು. ಅಮಾವಾಸ್ಯೆ, ಗುಡುಗು, ಊಳಿಡುವ ನಾಯಿ, ಕಿರ್ರೆನ್ನುವ ಬಾಗಿಲು ಎಲ್ಲವನ್ನೂ ಮೊದಲ ಅಧ್ಯಾಯಕ್ಕೇ ಸುರಿದುಬಿಟ್ಟಿದ್ದೆ. ಎರಡನೆಯದಕ್ಕೆ ಹೆಣವೊಂದು ಬಿಟ್ಟರೆ ಬಂಡವಾಳವೇ ಉಳಿದಿರಲಿಲ್ಲ. ಓದಿದ ಹೆಂಡತಿ, “ರೀ, ಇದರಲ್ಲಿ ಹೆದರಿರೋದು ನಾಯಿ ಒಂದೇ” ಎಂದಿದ್ದಳು.

ನಾಲ್ಕನೇ ಕ್ಲಾಸು ಓದಿದ್ದ ಎನ್. ನರಸಿಂಹಯ್ಯನವರು ಪತ್ತೇದಾರ ಪುರುಷೋತ್ತಮನಂಥವರನ್ನು ಓಡಾಡಿಸಿ 500ಕ್ಕೂ ಹೆಚ್ಚು ಕಾದಂಬರಿ ಬರೆದುಹಾಕಿದರು. ಎರಡು ಡಿಗ್ರಿಯ ನಾನು ಎರಡನೇ ಅಧ್ಯಾಯ ದಾಟಲಾರೆ. ಚಿಕ್ಕವನಿದ್ದಾಗ ದಿನಕ್ಕಿಷ್ಟು ಅಂತ ಬಾಡಿಗೆ ಕೊಟ್ಟು ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ಇಂಥ ಪುಸ್ತಕ ತರುತ್ತಿದ್ದೆ. ಒಮ್ಮೆ ಯಾವನೋ ಪುಣ್ಯಾತ್ಮ ಶುರುವಿನಲ್ಲೇ ಒಂದು ಹೆಸರಿನ ಕೆಳಗೆ ಪೆನ್ಸಿಲ್ ಗೆರೆ ಎಳೆದು, ಪಕ್ಕದಲ್ಲಿ ‘ಇವನೇ ಕೊಲೆಗಾರ’ ಎಂದು ಬರೆದಿದ್ದ. ಅವನ ವಂಶಕ್ಕೆಲ್ಲ ಶಾಪ ಹಾಕಿದೆ. ಆದರೆ ಪುಸ್ತಕ ಕೆಳಗಿಡಲಾಗಲಿಲ್ಲ. ಪತ್ತೇದಾರ ಆ ಮನುಷ್ಯನ ಎದುರಿಗೇ ಕೂತು ಕಾಫಿ ಕುಡಿಯುವಾಗ ನನಗೆ ಬೆವರು. ಕುಡೀಬೇಡ ಮಾರಾಯ, ಏಳು ಅಲ್ಲಿಂದ!

ಆ ಪೆನ್ಸಿಲ್ ಮಹಾಶಯ ಸಿನಿಮಾ ನಿರ್ದೇಶಕ ಹಿಚ್‌ಕಾಕನ ಮಾತನ್ನು ಗೊತ್ತಿಲ್ಲದೆಯೇ ನಡೆಸಿದ್ದ. ಮೇಜಿನ ಕೆಳಗೆ ಬಾಂಬಿದೆ ಎಂಬುದನ್ನು ಮುಚ್ಚಿಟ್ಟು ಢಂ ಅನ್ನಿಸಿದರೆ ಸಿಕ್ಕುವುದು 15 ಸೆಕೆಂಡಿನ ಬೆಚ್ಚುವಿಕೆ. ಮೊದಲೇ ತೋರಿಸಿ, ಮೇಜಿನ ಸುತ್ತ ಕೂತವರನ್ನು ಸುಮ್ಮನೆ ಹರಟಲು ಬಿಟ್ಟರೆ 15 ನಿಮಿಷದ ಸಸ್ಪೆನ್ಸ್ ಎಂದು ಆತ ಫ್ರೆಂಚ್ ನಿರ್ದೇಶಕ ತ್ರುಫೋಗೆ ವಿವರಿಸಿದ್ದ. ನಮ್ಮ ಮನೆಗಳಿಗೆ ಬಾಂಬೇ ಬೇಡ. ಕುಕ್ಕರಿಗೆ ನೀರು ಹಾಕಿಲ್ಲವೆಂದು ಓದುಗನ ಕಿವಿಯಲ್ಲಿ ಉಸುರಿ, ಸೊಸೆಯನ್ನು ತವರಿನ ಫೋನಿಗೆ ಕೂರಿಸಿದರೆ ಸಾಕು.

ತೇಜಸ್ವಿಯವರ ‘ಜುಗಾರಿ ಕ್ರಾಸ್’ ನೋಡಿ: ಏಲಕ್ಕಿ ಬೆಳೆದ ಗಂಡ ಹೆಂಡತಿ, ಒಂದು ರೈಲು. ಅಷ್ಟರಲ್ಲೇ ನಮ್ಮ ಉಸಿರು ಕಟ್ಟುತ್ತದೆ. ನನ್ನ ನಾಯಿ ಅಲ್ಲಿ ನಿರುದ್ಯೋಗಿ.

ಹಾಗಂತ ಎಲ್ಲವನ್ನೂ ಬಿಚ್ಚಿಡಲೂಬಾರದು. 1926ರಲ್ಲಿ ಅಗಾಥಾ ಕ್ರಿಸ್ಟಿಯ ‘ರೋಜರ್ ಆಕ್ರಾಯ್ಡ್’ ಪುಸ್ತಕವಾಗಿ ಬಂದಾಗ ಮೋಸ ಮೋಸ ಎಂದವರಿದ್ದರು. ತಿರುಗಿ ಓದಿದರೆ ಸುಳಿವು ಕಣ್ಣೆದುರಿಗೇ ಇದೆ! ಸುಳಿವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವವನು ದಡ್ಡ. ಎರಡು ಬೇಡದ ಸಂಗತಿಗಳ ನಡುವೆ ತೂರಿಸಬೇಕು. ಓದುಗ ಮೂರಕ್ಕೂ ಹೂಂಗುಟ್ಟಿ ಮುಂದೆ ಹೋಗುತ್ತಾನೆ. ಗಂಡಸರಂತೂ ಖಂಡಿತ.

ಇಷ್ಟು ಹೊಳೆದದ್ದೇ ಹುಮ್ಮಸ್ಸು ಬಂದು ಮೊದಲ ಅಧ್ಯಾಯ ಹರಿದೆ, ನಾಯಿಯನ್ನು ಓಡಿಸಿದೆ, ಹೊಸ ಹಾಳೆ ತೆಗೆದೆ. ಅಷ್ಟರಲ್ಲಿ ಗೇಟು ಕಿರ್ರೆಂದಿತು. ಹಾಲು! ಎದೆ ಧಸಕ್ಕೆಂದಿತು. ಆದರೆ ಸೀದ ವಾಸನೆಯಿಲ್ಲ, ಉಕ್ಕಿದ ಸದ್ದೂ ಇಲ್ಲ. ದೇವರು ದೊಡ್ಡವನು, ಯಾವುದೋ ಜ್ಞಾನದಲ್ಲಿ ನಾನೇ ಎದ್ದು ಆರಿಸಿರಬೇಕು.

“ಹಾಲು ಆರಿಸಿದ್ರಾ?”

“ಆಗಲೇ. ಉಕ್ಕಿ ಬರ್ತಿತ್ತು, ಓಡಿಹೋಗಿ ಆರಿಸಿದೆ.” ಕತೆಗಾರನಲ್ಲವೇ, ಒಂದು ವಿವರ ಹೆಚ್ಚೇ ಸೇರಿಸಿದೆ.

ಅವಳು ಅಡುಗೆಮನೆಗೆ ಹೋದಳು. ಪಾತ್ರೆ ಮುಟ್ಟಿದಳು. ಒಲೆಯತ್ತ ಬಗ್ಗಿದಳು. ಕೆಳಗಿನ ಸಿಲಿಂಡರನ್ನು ಎತ್ತಿ ಅಲುಗಾಡಿಸಿದಳು.

“ಗ್ಯಾಸ್ ಮುಗಿದು ಒಲೆ ತಾನೇ ಆರಿದೆ. ಹಾಲು ಬೆಚ್ಚಗೂ ಆಗಿಲ್ಲ. ನಾಬ್ ಇನ್ನೂ ತಿರುಗಿಸಿದ ಹಾಗೇ ಇದೆ.” ಪುರುಷೋತ್ತಮನೂ ಇಷ್ಟು ನಿಧಾನವಾಗಿ ನನ್ನತ್ತ ತಿರುಗುತ್ತಿರಲಿಲ್ಲ. “ಏನೋ ಉಕ್ಕಿ ಬರ್ತಿತ್ತು ಅಂದ್ರಲ್ಲ?”