ಅಪರಿಚಿತರ ಬರಗಾಲ

ಚಳ್ಳಕೆರೆ, ಮೊಳಕಾಲ್ಮೂರು ಎಂದರೆ ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆ. ಆ ಬರದ ಕಡತಗಳು ತಾಲ್ಲೂಕು ಕಚೇರಿಯ ಬೀರು ತುಂಬಿವೆ. ಆದರೆ ಇಲ್ಲಿನ ಹದಿಹರೆಯದವರನ್ನು ಕಾಡಿದ ಇನ್ನೊಂದು ಬರ ಯಾವ ಪರಿಹಾರದ ಪಟ್ಟಿಗೂ ಸೇರಲಿಲ್ಲ. ಅದು ಅಪರಿಚಿತರ ಬರ. ಎಣ್ಣೆ ಮಿಲ್ಲುಗಳ ರಸ್ತೆಯಲ್ಲಿ ಒಬ್ಬ ಹುಡುಗ ಸೈಕಲ್ ತುಳಿದುಕೊಂಡು ಹೋದರೆ ಅವನು ಯಾರ ಮಗ, ಲೆಕ್ಕದಲ್ಲಿ ಎಷ್ಟು ತೆಗೆದ, ಈ ಹೊತ್ತಿನಲ್ಲಿ ಅವನಿಗೆ ಅಲ್ಲೇನು ಕೆಲಸ ಎಂಬುದೆಲ್ಲ ಶೇಂಗಾ ಮಂಡಿಯವರಿಗೆ ಬಾಯಿಪಾಠ. ಇಂಥ ಊರಲ್ಲಿ ಹೊಸಬರ ಜೊತೆ ಮಾತಾಡಬೇಕೆಂದರೆ ಮೊದಲು ಹೊಸಬರನ್ನು ಹುಟ್ಟಿಸಿಕೊಳ್ಳಬೇಕು. ಇಂಟರ್ನೆಟ್ ಬರುವ ಮುಂಚೆ ಆ ಕೆಲಸಕ್ಕೆ ಒದಗಿದ್ದು ಟೆಲಿಫೋನು. ಆ ಕಾಲದ ಹುಡುಗರು ಫೋನಿನಲ್ಲಿ ಅಪರಿಚಿತರ ಸ್ನೇಹ ಮಾಡಿದರು ಎಂದು ಹೇಳುವವರುಂಟು. ನನ್ನ ವಾದ ಬೇರೆ. ಅವರು ಅಪರಿಚಿತರನ್ನು ಹುಡುಕಲಿಲ್ಲ, ಪರಿಚಿತರ ನಡುವೆಯೇ ಮೂರು ನಿಮಿಷ ತಾವೇ ಅಪರಿಚಿತರಾದರು.

ಆಗಿನ ಫೋನುಗಳು ಎಲ್ಲಿದ್ದವು ಎಂಬುದೇ ಇದಕ್ಕೆ ಸಾಕ್ಷಿ. 1984ರಲ್ಲಿ ಸರ್ಕಾರದ ಟೆಲಿಫೋನ್ ತಂತ್ರಜ್ಞಾನ ಸಂಸ್ಥೆ ಸಿ-ಡಾಟ್ ಹುಟ್ಟಿತು. ಅದು ಹಳ್ಳಿಗಳಿಗೆಂದು ಮಾಡಿದ 128 ಲೈನಿನ ಎಕ್ಸ್‌ಚೇಂಜು ಮೊದಲು ಕೂತದ್ದು ನಮ್ಮ ಕಿತ್ತೂರಿನಲ್ಲೇ, 1986ರಲ್ಲಿ. ಸಣ್ಣ ಊರುಗಳಿಗೆ ಡಯಲ್ ಟೋನ್ ಬಂದದ್ದು ಹೀಗೆ. ಬಂದರೂ ಮೊದಲು ಹೋಗಿ ಕೂತದ್ದು ಮಂಡಿ, ಮಿಲ್ಲು, ಡಾಕ್ಟರ ಮನೆ, ಪೊಲೀಸ್ ಠಾಣೆ, ರೇಷ್ಮೆ ಸೀರೆ ವ್ಯಾಪಾರಿಯ ಗಲ್ಲಾಪೆಟ್ಟಿಗೆಯ ಪಕ್ಕ. ಉಳಿದವರಿಗೆ ಪಕ್ಕದ ಮನೆಯವರ ಪಿ.ಪಿ. ನಂಬರು. ಡೈರೆಕ್ಟರಿಯಲ್ಲಿ ಮಕ್ಕಳ ಹೆಸರಿಲ್ಲ, ಇರುವುದೆಲ್ಲ ಅಪ್ಪಂದಿರದೇ. ಆದ್ದರಿಂದ ಯಾವ ನಂಬರು ತಿರುಗಿಸಿದರೂ ಅದು ಯಾರೋ ಒಬ್ಬ ಅಪ್ಪನನ್ನೇ ತಿರುಗಿಸಿದಂತೆ. ಜೊತೆಗೆ ಡಯಲ್ಲಿಗೆ ಪುಟ್ಟ ಬೀಗ ಬೇರೆ. ಬೀಗಕ್ಕೆ ಹುಡುಗರು ಕಂಡುಕೊಂಡ ಉಪಾಯ, ರಿಸೀವರ್ ಇಡುವ ಗುಂಡಿಯನ್ನು ಟಕಟಕನೆ ಕುಟ್ಟುವುದು: ನಾಲ್ಕಕ್ಕೆ ನಾಲ್ಕು ಏಟು, ಸೊನ್ನೆಗೆ ಹತ್ತು. ಲೆಕ್ಕದಲ್ಲಿ ಕಡಿಮೆ ತೆಗೆದವನು ಇಲ್ಲಿ ತಪ್ಪದೆ ಎಣಿಸುತ್ತಿದ್ದ. ತಪ್ಪಿದರೂ ನಷ್ಟವಿಲ್ಲ, ಏಕೆಂದರೆ ಬೇಕಾಗಿದ್ದದ್ದೇ ರಾಂಗ್ ನಂಬರು. ಆ ಕಡೆಯಿಂದ ‘ಯಾರ್ ಬೇಕಾಗಿತ್ತು?’ ಎಂದು ಬಂದರೆ, ಹುಟ್ಟದೇ ಇದ್ದ ಒಬ್ಬ ರಮೇಶನನ್ನು ಕೇಳುವುದು. ರಮೇಶನಿಲ್ಲ ಎಂದಾಗ ‘ಹೌದಾ, ಮತ್ತೆ ನೀವ್ಯಾರು?’ ಎನ್ನುವಷ್ಟು ಧೈರ್ಯ ಎಲ್ಲರಿಗೂ ಇರಲಿಲ್ಲ.

ಹಾಗಾದರೆ ಎಸ್‌ಟಿಡಿ ಬೂತಿಗೆ ಹೋಗಿ ದೂರದ ಊರಿಗೆ ಮಾಡಬಹುದಿತ್ತಲ್ಲ, ಅಲ್ಲಿ ನಿಜವಾದ ಅಪರಿಚಿತರೇ ಸಿಗುತ್ತಿದ್ದರಲ್ಲ ಎಂದು ಕೇಳಬಹುದು. ಸಿಗುತ್ತಿದ್ದರು, ದುಡ್ಡಿದ್ದರೆ. ಚಳ್ಳಕೆರೆಯ 08195 ಆಗಲಿ ಮೊಳಕಾಲ್ಮೂರಿನ 08198 ಆಗಲಿ, ಕೋಡ್ ಒತ್ತಿದ ಕೂಡಲೇ ಎಸ್‌ಟಿಡಿಯ ಕೆಂಪು ಅಂಕಿಗಳು ಓಡತೊಡಗುತ್ತಿದ್ದವು. ಮೊಳಕಾಲ್ಮೂರಿನವರು ನೆಂಟಸ್ತನ ಬೆಳೆಸುವ ರಾಯದುರ್ಗವೂ ಫೋನಿನ ಪಾಲಿಗೆ ಹೊರರಾಜ್ಯ. ದರ ಇಳಿಯಲೆಂದು ರಾತ್ರಿಯವರೆಗೆ ಕಾದರೆ ಮನೆಯ ಬಾಗಿಲು ಹಾಕಿರುತ್ತಿತ್ತು. ಒಂದು ರೂಪಾಯಿಯ ಕಾಯಿನ್ ಬಾಕ್ಸ್ ಆದರೋ ಲೋಕಲ್ ಬಿಟ್ಟು ಆಚೆ ಹೋಗುತ್ತಿರಲಿಲ್ಲ. ಬೂತಿನ ಗಾಜಿನ ಬಾಗಿಲಿನ ಗುಟ್ಟೂ ಅಷ್ಟೇ. ಕರೆದ ನಂಬರು, ಹೊತ್ತು, ರೂಪಾಯಿ ಎಲ್ಲವನ್ನೂ ಕರಕರನೆ ಚೀಟಿಯಲ್ಲಿ ಅಚ್ಚು ಹಾಕಿ ಕೊಡುವ ಯಂತ್ರದ ಮುಂದೆ ಪ್ರೇಮ ಎಷ್ಟು ಹೊತ್ತು ಅಡಗೀತು?

ಅಮೆರಿಕದಲ್ಲಿ 1960ರ ದಶಕದ ಹುಡುಗ ಹುಡುಗಿಯರು ಎಂಗೇಜ್ ಸದ್ದಿನ ಎರಡು ಬೀಪುಗಳ ಸಂದಿಯಲ್ಲಿ ಕೂಗಿ ಕೂಗಿ ನಂಬರು ವಿನಿಮಯ ಮಾಡಿಕೊಳ್ಳುತ್ತಿದ್ದರು. ನಮ್ಮಲ್ಲಿ ಅಷ್ಟು ಕಷ್ಟಪಡಬೇಕಿರಲಿಲ್ಲ. ಸ್ವಲ್ಪ ಮಳೆ ಬಿದ್ದರೆ ಇಲಾಖೆಯೇ ಕ್ರಾಸ್ ಕನೆಕ್ಷನ್ ಒದಗಿಸುತ್ತಿತ್ತು. (ನಮ್ಮ ಸೀಮೆಯಲ್ಲಿ ಅದೂ ಅಪರೂಪ ಎಂಬುದು ಬೇರೆ ಮಾತು.) ಆದರೆ ಸಿಕ್ಕವರ ಜೊತೆ ಏನು ಮಾತಾಡುವುದು? ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ಅದರಲ್ಲಿ ಸುವರ್ಣಗಿರಿಯ ಅಧಿಕಾರಿಗಳು ಇಸಿಲದ ಅಧಿಕಾರಿಗಳಿಗೆ ಸಂದೇಶ ಕಳಿಸುವಾಗ ಮೊದಲು ಆರೋಗ್ಯ ವಿಚಾರಿಸಿ, ಆಮೇಲೆ ವಿಷಯಕ್ಕೆ ಬರುತ್ತಾರೆ. ಎರಡು ಸಾವಿರ ವರ್ಷ ದಾಟಿದ ಮೇಲೂ ನಮ್ಮ ಹುಡುಗರು ‘ಚೆನ್ನಾಗಿದೀರಾ, ಊಟ ಆಯ್ತಾ’ ಎಂಬಲ್ಲಿಗೆ ಬಂದು ನಿಂತರು. ವಿಷಯಕ್ಕೆ ಬರುವಷ್ಟರಲ್ಲಿ ರೂಪಾಯಿ ಮುಗಿದಿರುತ್ತಿತ್ತು.

ಇದನ್ನೆಲ್ಲ ನಗುತ್ತ ಹೇಳುವುದು ಸುಲಭ, ಆ ಕಡೆ ಫೋನೆತ್ತಿದವಳಿಗೆ ಅದು ಪೀಡೆಯಾಗಿರಲಿಲ್ಲವೇ ಎಂಬ ಆಕ್ಷೇಪವನ್ನು ನಾನು ತಳ್ಳಿಹಾಕಲಾರೆ. ಪೀಡೆಯೇ ಆಗಿತ್ತು. ಮಾತಿಲ್ಲದೆ ಉಸಿರಷ್ಟೇ ಕೇಳುವ ಕಾಲ್ ಬಂದರೆ, ಮಾಡಿದವನು ಯಾರೆಂದು ತಿಳಿಯದಿದ್ದರೂ ಮನೆಯವರು ವಿಚಾರಣೆ ಮಾಡುತ್ತಿದ್ದದ್ದು ಅವಳನ್ನು. ಮರುದಿನದಿಂದ ಫೋನೆತ್ತುವ ಹಕ್ಕು ತಮ್ಮನದು. ಅಪರಿಚಿತನಾಗುವ ಸುಖ ಕರೆ ಮಾಡಿದವನಿಗೆ ಮಾತ್ರ ಇತ್ತು. ಎತ್ತಿದವಳು ವಿಳಾಸ ಸಮೇತ ಡೈರೆಕ್ಟರಿಯಲ್ಲಿ, ಅಪ್ಪನ ಹೆಸರಿನ ಕೆಳಗೆ ಸಿಕ್ಕಿಬಿದ್ದಿದ್ದಳು. ಮುಖ ನೋಡದೆ ಪ್ರೀತಿಸುವ ‘ಯಾರೇ ನೀನು ಚೆಲುವೆ’ 1998ರಲ್ಲಿ ತೆರೆಗೆ ಬಂತು. ಚಿತ್ರದಲ್ಲಿ ನೋಡದಿರುವುದು ಎರಡೂ ಕಡೆಗೆ ಸಮ. ನಮ್ಮ ಲೈನುಗಳಲ್ಲಿ ಆ ಸಮಾನತೆ ಇರಲಿಲ್ಲ.

ಅಪರಿಚಿತರಾಗುವ ಈ ವಿದ್ಯೆಯನ್ನು ಕೊಂದದ್ದು ಇಂಟರ್ನೆಟ್ ಎನ್ನುವವರು ಫೋನಿನ ಪಕ್ಕಕ್ಕೆ ಬಂದು ಕೂತ ಕಾಲರ್ ಐಡಿ ಡಬ್ಬಿಯನ್ನು ಮರೆತಿದ್ದಾರೆ. ಅಂಗೈಯಗಲದ ಗಾಜಿನಲ್ಲಿ ನಂಬರು ಮೂಡಿದ್ದೇ ತಡ, ಮನೆಯಿಂದ ಮಾಡುವವರು ಬೂತಿಗೆ ಓಡಿದರು. ಅಲ್ಲಿಗೂ ವಾಪಸ್ ಕಾಲ್ ಬರತೊಡಗಿತು. ‘ಈಗ ಮಾಡಿದೋರು ಯಾರು ಸ್ವಾಮಿ?’ ಎಂದು ಆ ಕಡೆಯ ಯಜಮಾನರು ಕೇಳಿದರೆ, ಬೂತಿನವರು ಹುಡುಗನ ಹೆಸರು, ಅಂಗಿಯ ಬಣ್ಣ, ಅವನು ತಮಗೆ ಉಳಿಸಿಕೊಂಡಿದ್ದ ಬಾಕಿ, ಮೂರನ್ನೂ ಹೇಳಿ ಮುಗಿಸಿದ ಮೇಲೆಯೇ ರಿಸೀವರ್ ಇಡುತ್ತಿದ್ದರು.